ನವಾರ ಪಟ್ಟಿಗೆ ಒಂದು ತಿರುವು

ಕಾರಿನ ತಲೆಯ ಮೇಲೆ ದೋಣಿ ಕಟ್ಟಿಕೊಂಡು ಹೊರಟವನನ್ನು ಬೇರೆ ಊರಿನಲ್ಲಿ ಹುಚ್ಚ ಅನ್ನಬಹುದು. ಕೊಲ್ಕತ್ತಾದಲ್ಲಿ ಮುಂದಾಲೋಚನೆಯುಳ್ಳವನು ಅನ್ನುತ್ತಾರೆ. ಒಂದು ಗಂಟೆ ಮಳೆ ಸುರಿದರೆ ಯಾವುದು ಯಾವುದನ್ನು ಹೊರಬೇಕಾದೀತೋ ಹೇಳಲಾಗದ ಊರು ಇದು. ಲೇಕ್ ಗಾರ್ಡನ್ಸ್‌ನ ನಮ್ಮ ಬೀದಿಯ ಚಹಾದಂಗಡಿಯಾತ ಪ್ರತಿ ಭಾನುವಾರ ನನ್ನ ಅಣ್ಣನನ್ನು, "ದಾದಾ, ಇವತ್ತು ಕಾರು ಕೆಳಗಾ, ದೋಣಿ ಕೆಳಗಾ?" ಎಂದು ಕೇಳುತ್ತಿದ್ದ. ಕೇಳುತ್ತಿದ್ದ ಎಂದೇ ನನ್ನ ನೆನಪು. ಈಚೆಗೆ ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲುವುದಿಲ್ಲ.

ಅಣ್ಣ ಬ್ಯಾಂಕಿನವನು, ಕುಂದಾಪುರದ ಹೊಳೆಯಲ್ಲಿ ಈಜಿ ಬೆಳೆದವನು. ಇಲ್ಲಿಗೆ ವರ್ಗವಾದ ಮೇಲೆ ಹಳೆಯ ಕನೂ ಒಂದನ್ನು ಕೊಂಡ. ಇಬ್ಬರು ಕೂರುವ ಸಪೂರ ದೋಣಿ. ಅದನ್ನು ಕಾರಿಗೆ ಬಿಗಿಯಲು ಅಂಗಡಿಯ ಪಟ್ಟಿಗಳು ಅವನಿಗೆ ಹಿಡಿಸಲಿಲ್ಲ. ಹಳೆಯ ಮಂಚಕ್ಕೆ ಹೆಣೆದಿದ್ದ ನವಾರದ ಅಗಲ ಪಟ್ಟಿ ಬಿಚ್ಚಿದ. ಅತ್ತಿಗೆ ಅದನ್ನು ಎರಡು ಪದರ ಮಾಡಿ ಮಿಷನ್ನಿನಲ್ಲಿ ಹೊಲಿದರು. ಕಬ್ಬಿಣದ ಬಕಲ್ಲುಗಳು ಗರಿಯಾಹಾಟಿನ ಫುಟ್‌ಪಾತಿನಲ್ಲಿ ಚೀಲ ರಿಪೇರಿ ಮಾಡುವವನಲ್ಲಿ ಸಿಕ್ಕವು. ಇಷ್ಟು ವರ್ಷ ಮನುಷ್ಯರನ್ನು ಹೊತ್ತ ಬಟ್ಟೆ ಒಂದು ದೋಣಿಗೆ ಹೆದರೀತೇ ಎಂಬುದು ಅವನ ವಾದ.

ನಾನು ಭೌತಶಾಸ್ತ್ರ ಓದಿದವನು. ನನ್ನ ಪಾಲಿನ ಕೊಡುಗೆ ಉಪದೇಶ. ಚಪ್ಪಟೆ ಪಟ್ಟಿಯನ್ನು ಹಾಗೇ ಬಿಗಿದು ಕಾರು ಓಡಿಸಿದರೆ ಗಾಳಿಗೆ ಅದು ಕಂಪಿಸಿ ಗುಂಯ್ ಎನ್ನುತ್ತದೆ. ಒಂದೇ ಒಂದು ತಿರುವು ಕೊಟ್ಟು ಬಿಗಿದರೆ ಸುಮ್ಮನಾಗುತ್ತದೆ. ಇದನ್ನು ಅಣ್ಣನಿಗೆ ಹೇಳಿದೆ; ಅವನು "ಹಾಡ್ಲಿ ಬಿಡು ಮಾರಾಯ" ಎಂದು ತಿರುವಿಲ್ಲದೆಯೇ ಕಟ್ಟಿದ; ನಮ್ಮ ಭಾನುವಾರಗಳೆಲ್ಲ ಆ ಗುಂಯ್‌ಕಾರದಲ್ಲೇ ಕಳೆದವು. ನನ್ನ ನೆನಪಿನಲ್ಲಿ ಉಳಿದಿದ್ದ ಅಣ್ಣ ಇವನು. ಅವನು ತೀರಿಹೋಗಿ ಐದು ತಿಂಗಳಾಯಿತು. ಅವನ ಮುಖ ಆಗಲೇ ಗೋಡೆಯ ಫೋಟೋದ ಮುಖವಾಗತೊಡಗಿದೆ. ಆ ಸದ್ದಾದರೂ ಯಾವ ಫೋಟೋದಿಂದಲೂ ಬಂದದ್ದಲ್ಲ, ನನ್ನದೇ ಎಂಬ ಧೈರ್ಯವಿತ್ತು.

ಕಳೆದ ವಾರ ಅತ್ತಿಗೆ, ದೋಣಿಯನ್ನು ಬೈಪಾಸಿನಾಚೆಯ ಮೀನುಕೆರೆಯವರಿಗೆ ಕೊಟ್ಟುಬಿಡೋಣ ಎಂದರು. ಅಣ್ಣ ಅದನ್ನು ನೀರಿಗಿಳಿಸುತ್ತಿದ್ದದ್ದು ಆ ಕೆರೆಯಲ್ಲೇ. ಪಟ್ಟಿ ಬಿಗಿಯುತ್ತಾ ನಾನು ಅದು ಹಾಡುತ್ತಿದ್ದ ಈ ಕಥೆ ಹೇಳಿದೆ.

"ಪಟ್ಟಿ ಎಲ್ಲಿ ಹಾಡ್ತಿತ್ತು?" ಎಂದರು ಅತ್ತಿಗೆ. "ನೀನು ಹೇಳಿದ ಮೇಲೆ ಅವರು ಒಂದು ದಿನವೂ ತಿರುವು ತಪ್ಪಿಸಿದ್ದಿಲ್ಲ. ಹಾಡ್ತಿದ್ದದ್ದು ಅವರೇ. ಬಾಯಿ ಮುಚ್ಚಿಕೊಂಡು, ಮೂಗಿನಲ್ಲಿ."

"ನಾನು ಪಕ್ಕದಲ್ಲೇ ಕೂತಿರ್ತಿದ್ದೆನಲ್ಲ ಅತ್ತಿಗೆ!"

"ಕೂತಿರ್ತಿದ್ದೆ. ಮಾತಾಡ್ತಿದ್ದೆ. ಕೇಳ್ತಿದ್ದದ್ದು ಯಾವಾಗ ಮಾರಾಯ?"

ಸಂದೇಹವಾದಿಗೆ ಸಾಕ್ಷಿ ಬೇಕು. ಪಟ್ಟಿಗಳನ್ನು ಬಿಚ್ಚಿ ಬಾನೆಟ್ಟಿನ ಮೇಲೆ ಹರಡಿದೆ. ಬಿಸಿಲಿಗೆ ಒಂದಷ್ಟು ಉದ್ದ ಒಂದು ಮಗ್ಗುಲು ಬಿಳಿಚಿತ್ತು. ಅಲ್ಲಿಂದಾಚೆ ಇನ್ನೊಂದು ಮಗ್ಗುಲು. ನಡುವೆ, ಇಸ್ತ್ರಿಗೂ ಹೋಗದಂಥ ಸುಕ್ಕು. ಎರಡೂ ಪಟ್ಟಿಗಳಲ್ಲಿ, ವರ್ಷಗಟ್ಟಲೆ ತಿರುವಿ ಕಟ್ಟಿದ್ದರ ಗುರುತು.

ಆದರೂ ಒಂದನ್ನು ಹಟಕ್ಕೆ ತಿರುವಿಲ್ಲದೆ ಕಟ್ಟಿದೆ. ಅತ್ತಿಗೆ ಪಕ್ಕದ ಸೀಟಿನಲ್ಲಿ ಬಂದು ಕೂತರು. ಕಸ್ಬಾ ದಾಟಿ ರಸ್ತೆ ಬಿಡುವಾದಾಗ ವೇಗ ಹೆಚ್ಚಿಸಿದೆ. ಪಟ್ಟಿ ಸದ್ದು ಮಾಡಿತು. ಜೀರುಂಡೆ ಡಬ್ಬಿಯೊಳಗೆ ಸಿಕ್ಕಿಕೊಂಡಂಥ ಒರಟು ಸದ್ದು. ನನ್ನ ಭಾನುವಾರಗಳದ್ದು ಇದಲ್ಲ. ಅದು ಮೆತ್ತಗಿತ್ತು, ಏರಿಳಿತವಿತ್ತು, ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೂ ಇತ್ತು. ಕಾರು ನಿಂತಾಗ ಗಾಳಿ ಎಲ್ಲಿಂದ ಬರಬೇಕು? ಎಂ.ಎಸ್ಸಿ. ಮಾಡಿದವನಿಗೆ ಈ ಪ್ರಶ್ನೆ ಇಷ್ಟು ವರ್ಷ ಹೊಳೆದಿರಲಿಲ್ಲ.

ಅವನು ನನ್ನ ಮಾತು ಕೇಳಿದ್ದ. ನಾನು ಅವನ ಹಾಡು ಕೇಳಿರಲಿಲ್ಲ. ಕಾರು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಪಟ್ಟಿಗೆ ತಿರುವು ಕೊಟ್ಟೆ. ಸುಕ್ಕು ಬಿದ್ದ ಜಾಗದಲ್ಲೇ ಅದು ತಾನಾಗಿ ತಿರುಗಿಕೊಂಡಿತು.

ಕೆರೆಯವರು ದೋಣಿ ಇಳಿಸಿಕೊಂಡರು. ಪಟ್ಟಿಗಳನ್ನು ನಾವು ಕೊಡಲಿಲ್ಲ, ಅವರಿಗೆ ಕಾರಿಲ್ಲ ಎಂಬ ನೆಪವಿತ್ತು. ವಾಪಸು ಬರುವಾಗ ಅವು ಅತ್ತಿಗೆಯ ಮಡಿಲಲ್ಲಿ ಸುರುಳಿಯಾಗಿ ಕೂತಿದ್ದವು. ಕಸ್ಬಾದ ಸಿಗ್ನಲ್ಲಿನಲ್ಲಿ ಅವರು ನನ್ನ ಕಡೆ ಒಂದು ಗಳಿಗೆ ನೋಡಿ, ಕಿಟಕಿಯತ್ತ ಮುಖ ತಿರುಗಿಸಿದರು. ಮನೆ ಸೇರಿದ ಮೇಲೆ ಯಾಕೆಂದು ಕೇಳಿದೆ.

ನಾನು ಗುನುಗುತ್ತಿದ್ದೆನಂತೆ, ಮೂಗಿನಲ್ಲಿ.

ನನಗೆ ನೆನಪಿಲ್ಲ. ಆದರೆ ಈ ಸಲ ಸಾಕ್ಷಿ ಕೇಳಲಿಲ್ಲ.