ಮಹಾರಾಜರ ಬೆನ್ನು

“ಮಹಾರಾಜ್ರ, ನಿಮ್ಮ ಬೆನ್ನ ನೋಡಾಕ ಬಂದಿಲ್ರಿ, ಮಾರಿ ತೋರಸ್ರಿ!” ಎಂದು ಮುಂದಿನ ಸಾಲಿನ ಅಜ್ಜಿಯೊಬ್ಬರು ಕೂಗಿದರು. ಸುರಪುರದ ನಮ್ಮ ಓಣಿಯ ನಾಟಕದಲ್ಲಿ ಮಹಾರಾಜ ನಾನೇ. ಮಂತ್ರಿಯಾಗಿದ್ದ ಕಿರಾಣಿ ಅಂಗಡಿಯ ಶರಣಪ್ಪ ಮಾತಿಗೊಂದು ಹೆಜ್ಜೆ ಹಿಂದೆ ಸರಿದು ಪರದೆಗೆ ಅಂಟಿಕೊಂಡಿದ್ದ. ಅವನಿಗೆ ಆಜ್ಞೆ ಕೊಡಬೇಕಾದರೆ ನಾನು ಜನರಿಗೆ ಬೆನ್ನು ತಿರುಗಿಸಲೇಬೇಕಿತ್ತು. ಕಡೆಗೆ ‘ಒನ್ಸ್ ಮೋರ್’ ಅವನ ಪಾಲಾಯಿತು, ಹಾರವೂ ಅವನ ಕೊರಳಿಗೇ ಬಿತ್ತು.

ಬಣ್ಣ ಒರೆಸುತ್ತ ಕುದಿಯುತ್ತಿದ್ದ ನನಗೆ ನಮ್ಮ ಓಣಿಯ ಇಂಗ್ಲಿಷ್ ಮಾಸ್ತರರು, “ಇದಕ್ಕ ಇಂಗ್ಲಿಷ್‌ನ್ಯಾಗ ‘ಅಪ್‌ಸ್ಟೇಜ್’ ಮಾಡೋದು ಅಂತಾರ್ರಿ. ಅವರ ಹಳೇ ರಂಗಮಂಚ ಹಿಂದಕ್ಕ ಹೋದ್ಹಂಗ ಎತ್ತರ ಆಗತಿತ್ತು, ಆ ಎತ್ತರದ ಹಿಂಭಾಗಕ್ಕ ‘ಅಪ್‌ಸ್ಟೇಜ್’ ಅಂತಿದ್ರು. ಮ್ಯಾಲ ನಿಂತಾಂವ ಉಳಿದವರ ಬೆನ್ನ ತಿರುಗಿಸಿ ತಾನ ಮಿಂಚತಿದ್ದ. ಈಗ ಯಾರನ್ನರ ಮಂಕ ಮಾಡಿದ್ರೂ ಅದ ಮಾತು” ಎಂದು ತಿಳಿಹೇಳಿದರು.

ಶರಣಪ್ಪನನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಇದಕ್ಕೆಂದೇ ಒಂದು ಪದ ಹುಟ್ಟಬೇಕಾದರೆ ಇಂಗ್ಲೆಂಡಿನಲ್ಲಿ ಅದೆಷ್ಟು ಮಹಾರಾಜರು ನನ್ನಂತೆ ಹೊಟ್ಟೆ ಉರಿದುಕೊಂಡಿರಬೇಕು ಎಂದು ನೆನೆದಾಗ ಜೀವಕ್ಕೆ ತುಸು ತಂಪಾಗುತ್ತದೆ.