'ಆಯ್ತು' ಎನ್ನುವವರೆಗೆ

ಬೀದಿಯ ಕೊನೆಯ ನೀರಿನ ಟ್ಯಾಂಕು ತುಂಬಿ ಧೋ ಎಂದು ಸುರಿಯತೊಡಗಿದರೆ ಬೀದಿಯವರೆಲ್ಲ ಪಂಪಿನವನನ್ನು ಬೈಯುತ್ತ ಏಳುತ್ತಿದ್ದರು. ಫೋಟೋ ಸ್ಟುಡಿಯೋದವನು ಮಾತ್ರ ಟ್ರೈಪಾಡು ಹೆಗಲಿಗೇರಿಸಿಕೊಂಡು ಏಳುತ್ತಿದ್ದ. ನಿಜವಾದ ಜಲಪಾತಕ್ಕೆ ಬಸ್ಸಿನಲ್ಲಿ ಎರಡು ತಾಸು. ಟ್ಯಾಂಕು ಹಿತ್ತಲಿನಾಚೆಗೇ ಇತ್ತು. ಅಭ್ಯಾಸಕ್ಕೆ ಇದೇನು ಕಮ್ಮಿ ಎನ್ನುವುದು ಅವನ ವಾದ.

"ನಿಮ್ಮ ಫೋಟೋ ಆಗಲಿ ಅಂತಲೇ ಅವನು ಮೋಟಾರು ಆಫ್ ಮಾಡಲ್ಲ ಸಾರ್," ಎಂದು ಎದುರುಮನೆಯ ಟೈಲರ್ ಒಮ್ಮೆ ದೂರಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಹಾಲು ಸುರಿಸುತ್ತಿರುವಂತೆ ಕಾಣುವ ಆ ಟ್ಯಾಂಕಿನ ಚಿತ್ರಕ್ಕೆ ಪಂಪಿನವನು ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದ.

ಹೊಟ್ಟೆಪಾಡು ಪಾಸ್‌ಪೋರ್ಟ್ ಫೋಟೋದ್ದು. ಸ್ಟೂಲಿನ ಮೇಲೆ ಕೂತವರಿಗೆಲ್ಲ ಮೂವತ್ತು ವರ್ಷಗಳಿಂದ ಅದೇ ಮಂತ್ರ: "ಗಲ್ಲ ಸ್ವಲ್ಪ ಕೆಳಗೆ. ಅಲ್ಲಾಡಬೇಡಿ." ಆಮೇಲೆ, "ಆಯ್ತು." ಊರಿನವರು ಅವನನ್ನು ಕರೆಯುತ್ತಿದ್ದುದೇ 'ಅಲ್ಲಾಡಬೇಡಿ' ಎಂದು. ಅವನು 'ಆಯ್ತು' ಎನ್ನುವವರೆಗೆ ಯಾರೂ ಮಿಸುಕುತ್ತಿರಲಿಲ್ಲ. ಒಮ್ಮೆ ಹಾಗೆನ್ನಲು ಮರೆತು ಹಾಲು ತರಲು ಹೋದವನು ಹಿಂತಿರುಗಿದಾಗ ಅಂಚೆಯಣ್ಣ ಇನ್ನೂ ಗಲ್ಲ ಕೆಳಗಿಟ್ಟುಕೊಂಡೇ ಕೂತಿದ್ದ.

ಇಡೀ ಊರನ್ನು ಅಲ್ಲಾಡದಂತೆ ಕೂರಿಸಿದವನಿಗೆ ತಾನು ಒಂದು ಕಡೆ ಕೂರುವುದು ಮಾತ್ರ ಬರುತ್ತಿರಲಿಲ್ಲ. ತನ್ನ ಮದುವೆಯ ದಿನವೇ, ಬಂದಿದ್ದ ಫೋಟೋಗ್ರಾಫರ್ ಬೆಳಕನ್ನು ಸರಿಯಾಗಿ ಅಳೆಯುತ್ತಿಲ್ಲ ಎಂದು ಎದ್ದುಹೋಗಿ ಅವನ ಪಕ್ಕ ನಿಂತುಬಿಟ್ಟಿದ್ದ. ಹಾಗಾಗಿ ಆಲ್ಬಮ್ಮಿನ ತುಂಬ ಹೆಂಡತಿಯೊಬ್ಬಳೇ, ಪಕ್ಕದಲ್ಲಿ ಖಾಲಿ ಕುರ್ಚಿ. ಆಮೇಲಿನ ಇಪ್ಪತ್ನಾಲ್ಕು ವರ್ಷವೂ ಅವನು ಕ್ಯಾಮೆರಾದ ಹಿಂದೆಯೇ ಕಳೆದ.

ಹೆಂಡತಿ ಗ್ರಂಥಾಲಯದಲ್ಲಿ ಗುಮಾಸ್ತೆ. ಸದ್ದು ಮಾಡುವವರನ್ನು ಹುಬ್ಬೆತ್ತಿಯೇ ಸುಮ್ಮನಾಗಿಸುವವಳು. ಒಂದು ಗುರುವಾರ ಅವಳಿಗೆ ದೂರದ ಊರಿಗೆ ವರ್ಗವಾದ ಕಾಗದ ಬಂತು. ಸೋಮವಾರ ಹೋಗಿ ಸೇರಬೇಕು, ಒಂದು ವರ್ಷ ಅಲ್ಲೇ.

"ಅಲ್ಲಿ ಮೇಜಿನ ಮೇಲೆ ಇಟ್ಕೊಳ್ಳೋಕೆ ನಮ್ಮಿಬ್ಬರದು ಒಂದು ಫೋಟೋ ಬೇಕು," ಎಂದಳು.

"ನಿಂದು ಎಷ್ಟೊಂದಿದೆಯಲ್ಲ."

"ನನ್ನ ಮುಖ ನನಗೆ ಕನ್ನಡೀಲೇ ಕಾಣುತ್ತೆ."

ಫೋನಿನಲ್ಲಿ ತೆಗೆದರಾಯಿತು ಎಂದು ಅವಳು ಅಂದದ್ದಕ್ಕೆ ಅವನು ಊಟ ಅರ್ಧಕ್ಕೇ ಬಿಟ್ಟ. ಸ್ಟುಡಿಯೋದಲ್ಲೇ ತೆಗೆಯಿರಿ ಎಂದಳು. ಎರಡು ಪಾಸ್‌ಪೋರ್ಟ್ ಪಕ್ಕಪಕ್ಕ ಅಂಟಿಸಿದ ಹಾಗೆ ಕಾಣುತ್ತೆ ಎಂದ. ಕೊನೆಗೆ ಭಾನುವಾರ, ಬಸ್ಸು ಹಿಡಿದು ಜಲಪಾತಕ್ಕೇ ಹೋದರು.

ಅಲ್ಲಿ ನೀರಿನ ಆರ್ಭಟಕ್ಕೆ ನಾಲ್ಕು ಹೆಜ್ಜೆ ಆಚೆಯ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಅವನು ಟ್ರೈಪಾಡಿನ ಕಾಲುಗಳನ್ನು ಮರಳಿನಲ್ಲಿ ಊರಿ, ಅಲುಗದಿರಲೆಂದು ಕಲ್ಲು ತುಂಬಿದ ಚೀಲವನ್ನು ನಡುವೆ ತೂಗುಬಿಟ್ಟು, ಲೆನ್ಸಿನ ಮುಂದೆ ಬೆಳಕು ತಗ್ಗಿಸುವ ಕಪ್ಪು ಗಾಜು ಸಿಕ್ಕಿಸಿದ. ಕ್ಯಾಮೆರಾದ ಕಣ್ಣು ಮೂವತ್ತು ಸೆಕೆಂಡು ತೆರೆದೇ ಇರಬೇಕು. ಅಷ್ಟು ಹೊತ್ತು ನೀರು ಹರಿದು ಹರಿದು ರೇಷ್ಮೆಯಾಗುತ್ತದೆ, ಅಲ್ಲಾಡದ್ದು ಇದ್ದ ಹಾಗೆ ಉಳಿಯುತ್ತದೆ, ಅಲ್ಲಾಡಿದ್ದೆಲ್ಲ ಅಳಿಸಿಹೋಗುತ್ತದೆ.

ಮೊದಲು ಅವಳೊಬ್ಬಳನ್ನೇ ಬಂಡೆಯ ಮೇಲೆ ಕೂರಿಸಿ, "ಅಲ್ಲಾಡಬೇಡ," ಎಂದು ಬೆಳಕು ನೋಡಿಕೊಂಡ. "ಆಯ್ತು" ಎಂದೂ ಕೂಗಿದ. ಆಮೇಲೆ ಗಾಜು ಒರೆಸಿ, ಚೀಲಕ್ಕೆ ಇನ್ನೆರಡು ಕಲ್ಲು ಹಾಕಿ, ಹತ್ತು ನಿಮಿಷದ ಮೇಲೆ ತಲೆಯೆತ್ತಿದರೆ ಅವಳು ರೆಪ್ಪೆ ಕೂಡ ಹೊಡೆಯದೆ ಕೂತಿದ್ದಾಳೆ, ಮೂಗಿನ ಮೇಲೊಂದು ನೊಣ.

"ಆಯ್ತು ಅಂದ್ನಲ್ಲೇ," ಎಂದು ಹತ್ತಿರ ಹೋಗಿ ಅರಚಿದ.

"ಈಗ ಕೇಳಿಸ್ತು," ಎಂದು ಅವಳು ನೊಣ ಓಡಿಸಿದಳು.

ಎರಡನೆಯ ಸಲ ಅವನೂ ಸೇರಬೇಕಿತ್ತು. ಗುಂಡಿ ಒತ್ತಿದ ಮೇಲೆ ಹತ್ತು ಸೆಕೆಂಡು ಕೆಂಪು ದೀಪ ಮಿಣುಕುತ್ತದೆ, ಆಮೇಲೆ ಕಣ್ಣು ತೆರೆಯುತ್ತದೆ. ಒತ್ತಿ, ಪಾಚಿಗಟ್ಟಿದ ಕಲ್ಲುಗಳ ಮೇಲೆ ಜಾರುತ್ತ, ಸಾವರಿಸಿಕೊಳ್ಳುತ್ತ ಅವಳ ಪಕ್ಕ ಬಂದು ಕೂತ. ಕೂತವನಿಗೆ ಚೀಲ ತೂಗಾಡಿದಂತೆ ಕಂಡಿತು. ಎದ್ದ. ಇಲ್ಲ ಎನಿಸಿತು, ಕೂತ. ಮತ್ತೆ ಎದ್ದ.

ಇಬ್ಬರೂ ಕ್ಯಾಮೆರಾದ ಪರದೆಯ ಮೇಲೆ ಬಗ್ಗಿದರು. ಹೆಂಡತಿಯ ಸೀರೆಯ ಒಂದೊಂದು ನೆರಿಗೆಯನ್ನೂ ಎಣಿಸಬಹುದಿತ್ತು. ಪಕ್ಕದಲ್ಲಿ ಬರೀ ಬಂಡೆ, ಅದರ ಮೇಲೆ ಬೀಡಿಯ ಹೊಗೆಯಂಥದ್ದೇನೋ.

"ನೀವೆಲ್ಲಿ?"

"ಇಲ್ಲಿದೆಯಲ್ಲ ಮಬ್ಬು, ಅದು ನಾನೇ."

ಅವಳು ಅದನ್ನು ಬಹಳ ಹೊತ್ತು ನೋಡಿದಳು. "ಇದನ್ನ ಮೇಜಿನ ಮೇಲಿಟ್ಟು, ಕೇಳಿದವರಿಗೆ ಇವರೇ ನಮ್ಮ ಯಜಮಾನರು ಅಂತ ಹೊಗೆ ತೋರಿಸ್ಲಾ?" ಎಂದಳು. ದನಿಯಲ್ಲಿ ತಮಾಷೆಯಿತ್ತು, ಕಣ್ಣಿನಲ್ಲಿರಲಿಲ್ಲ. ಅವನು ಗಾಜನ್ನು ಮತ್ತೊಮ್ಮೆ ಒರೆಸಿದ. ಆಗಲೇ ಒರೆಸಿದ್ದ ಗಾಜು.

ಕೊನೆಯ ಬಸ್ಸಿಗೆ ಇನ್ನು ಅರ್ಧ ಗಂಟೆ ಇತ್ತು. ಅವನು ಗುಂಡಿ ಒತ್ತಿ ಬಂದು ಕೂತ. ಕೂತದ್ದೇ ತಡ, ಅವಳು ಅವನ ಅಂಗಿಯ ಅಂಚನ್ನೆಳೆದು ಅದರ ಮೇಲೆ ಕೂತುಬಿಟ್ಟಳು.

"ಗಲ್ಲ ಸ್ವಲ್ಪ ಕೆಳಗೆ," ಎಂದಳು, ಕಿವಿಯ ಹತ್ತಿರ, ಗ್ರಂಥಾಲಯದ ದನಿಯಲ್ಲಿ. "ಅಲ್ಲಾಡಬೇಡಿ."

ಅವನಿಗೆ ಆ ಮಾತನ್ನು ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಹೇಳಿಸಿಕೊಂಡ ಕೂಡಲೇ ಮೂಗಿನ ತುದಿ ತುರಿಸತೊಡಗಿತು. ಪಾಪ, ಅಂಚೆಯಣ್ಣ ಎಂದುಕೊಂಡ. ಎದುರಿಗೆ ಕೆಂಪು ದೀಪ ಮಿಣುಕುತ್ತಿರುವಾಗಲೇ ಟ್ರೈಪಾಡಿನ ಎಡಗಾಲು ಮರಳಿನಲ್ಲಿ ಒಂದು ಬೆರಳಿನಷ್ಟು ಇಳಿದು ನಿಂತಿತು.

"ಕಾಲು ಇಳೀತು," ಎಂದ, ತುಟಿ ಅಲುಗಿಸದೆ.

"ಇಳೀಲಿ."

ದೀಪ ಆರಿತು. ಅವಳು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ನೀರಿನ ಹನಿಗಳು ಗಾಳಿಯಲ್ಲಿ ತೇಲಿಬಂದು ಇಬ್ಬರ ಮುಖದ ಮೇಲೂ ಕೂತವು. ಮೂವತ್ತು ಆಗಿಹೋಗಿರಬೇಕು ಎಂದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಆಗಿರಬೇಕು," ಎಂದ.

"ನಾನು ಹೇಳ್ತೀನಿ."

ಅವನು ಕೂತೇ ಇದ್ದ. ಮೂಗಿನ ತುರಿಕೆ ಯಾವಾಗಲೋ ನಿಂತಿತ್ತು. ನೀರು ತನ್ನ ಪಾಡಿಗೆ ತಾನು ಬೀಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಅಂಗಿಯ ಅಂಚು ಬಿಟ್ಟು, "ಆಯ್ತು," ಎಂದಳು.

ಪರದೆಯಲ್ಲಿ ಜಲಪಾತ ಓರೆಯಾಗಿ ಬೀಳುತ್ತಿತ್ತು. ಬಂಡೆಯೂ ಓರೆ, ಬಂಡೆಯ ಮೇಲಿನ ಇಬ್ಬರೂ ಓರೆ. ಆದರೆ ಇಬ್ಬರಿದ್ದರು. ಗಂಡನ ಮುಖದಲ್ಲಿ ಹಾಲು ಉಕ್ಕುವುದನ್ನು ಕೈಕಟ್ಟಿ ನೋಡುತ್ತಿರುವವನ ಕಳವಳ, ಹುಬ್ಬಿನ ಕೂದಲ ಸಮೇತ ಸ್ಪಷ್ಟ.

"ಥೂ, ವಾಲಿಬಿಟ್ಟಿದೆ. ಇನ್ನೊಂದೇ ಒಂದು."

"ಬೇಡ, ಇದೇ ಸಾಕು," ಎಂದು ಅವಳು ಕ್ಯಾಮೆರಾ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. "ಮೇಜು ವಾಲಿದೆ ಅಂತ ಹೇಳ್ತೀನಿ."

ಮೇಲಿನ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅವನು ಟ್ರೈಪಾಡನ್ನು ಮರಳಿನಿಂದ ಕಿತ್ತು, ಕಲ್ಲಿನ ಚೀಲವನ್ನು ಬರಿದುಮಾಡಲೂ ಮರೆತು, ಹೊತ್ತುಕೊಂಡು ಅವಳ ಹಿಂದೆಯೇ ಹತ್ತತೊಡಗಿದ. "ಮನೇಲಿ ನೆಟ್ಟಗೆ ಮಾಡ್ಕೊಡ್ತೀನಿ, ಅದೇನು ದೊಡ್ಡ ಕೆಲಸ ಅಲ್ಲ, ಆದರೆ ಅಂಚು ಕತ್ತರಿಸಬೇಕಾಗುತ್ತೆ, ಕತ್ತರಿಸಿದರೆ ನನ್ನ ಅರ್ಧ ಭುಜ ಹೋಗುತ್ತೆ, ಹೋಗಬಾರದು ಅಂತಿದ್ರೆ ನೀನು ಇನ್ನೊಂದು ಚೂರು ನನ್ನ ಕಡೆಗೆ ಸರಿದು ಕೂರಬೇಕಿತ್ತು," ಎನ್ನುತ್ತಲೇ ಇದ್ದ.