ಸುನಂದಾ ತಂದ ವೀಡಿಯೊ ಡಬ್ಬಿ

ಹುಳಿಯಾರಿನ ಸುತ್ತಮುತ್ತ ಮದುವೆ ವೀಡಿಯೊ ತೆಗೆಯುವವರೆಲ್ಲ ಗಂಡಸರೇ ಆಗಿದ್ದ ಕಾಲದಲ್ಲಿ ಸುನಂದಾ ಹೆಗಲ ಮೇಲೆ ಕ್ಯಾಮೆರಾ ಹೊತ್ತವಳು. ಗಂಡ ರವೀಂದ್ರನ ಸ್ಟುಡಿಯೋದಲ್ಲಿ ಲೈಟು ಹಿಡಿಯುತ್ತಲೇ ಕೆಲಸ ಕಲಿತಳು. ಅರಿಶಿನ ಹಚ್ಚುವ ಒಳಮನೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಹಾಗಾಗಿ ಹೆಂಗಸರು ಅಲ್ಲಿ ಹೇಳುತ್ತಿದ್ದ ಸೋಬಾನೆ ಪದಗಳು ಉಳಿದದ್ದು ಅವಳ ಕ್ಯಾಸೆಟ್ಟುಗಳಲ್ಲಿ ಮಾತ್ರ. ಸ್ಟುಡಿಯೋ ಮುಚ್ಚಿದ ಮೇಲೆ ಅವು ಅಟ್ಟ ಸೇರಿದ್ದವು.

ಒಂದು ದಿನ ಶೆಟ್ಟಿಕೆರೆಯಿಂದ ಯೋಗಿತಾ ಬಂದಳು. ಅವಳಜ್ಜಿ ಅಂಕಮ್ಮ ಪದ ಹೇಳುವುದರಲ್ಲಿ ಎತ್ತಿದ ಕೈ. ಈಗ ಗಂಟಲಿನ ಕಾಯಿಲೆಯಿಂದ ಪಿಸುಮಾತಷ್ಟೇ ಉಳಿದಿತ್ತು.

"ಅಜ್ಜಿ ಪದ ನಿಮ್ಮತ್ರ ಇದ್ಯಾ ಆಂಟಿ? ನನ್ ಮದ್ವೇಗ್ ಮುಂಚೆ ಕಲೀಬೇಕು."

"ಇದೆ. ಕಂಪ್ಯೂಟರ್‌ಗೆ ಹಾಕ್ಕೊಡ್ತೀನಿ," ಎಂದುಬಿಟ್ಟಳು ಸುನಂದಾ.

ಹೇಳಿದಷ್ಟು ಸುಲಭವಾಗಲಿಲ್ಲ. ಆನ್‌ಲೈನಿನಲ್ಲಿ ತರಿಸಿದ ಬೆರಳುದ್ದದ ಸಾಧನವನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯ ವಿಸಿಆರ್‌ನ ವೈರು ಜೋಡಿಸಿದಳು. ಚಿತ್ರವೇನೋ ಬಂತು. ಆದರೆ ಟೇಪು ಸವೆದ ಕಡೆಯೆಲ್ಲ ಅದು ಎಗರಿತು. ಪದ ಮುಗಿಯುವ ಹೊತ್ತಿಗೆ ಅಂಕಮ್ಮನ ಬಾಯಿ ಮುಚ್ಚಿತ್ತು, ದನಿ ಮಾತ್ರ ಇನ್ನೂ ಹಾಡುತ್ತಿತ್ತು.

"ದನಿ ಕೇಳಿದ್ರೆ ಸಾಲ್ದಾ? ಬಾಯ್ ಯಾರ್ ನೋಡ್ತಾರೆ ಬುಡು," ಎಂದ ರವೀಂದ್ರ.

"ಪದ ಕಲಿಯೋರು ಬಾಯ್ ನೋಡೇ ಕಲಿಯೋದು ಕಣ್ರೀ."

ಆ ಸಾಧನವನ್ನು ವಾಪಸ್ ಕಳಿಸಿ, ಮರುದಿನ ಕ್ಯಾಸೆಟ್ಟಿನ ಸಮೇತ ವಿಸಿಆರನ್ನೇ ಬಟ್ಟೆಚೀಲದಲ್ಲಿಟ್ಟುಕೊಂಡು ತಿಪಟೂರು ಬಸ್ಸು ಹತ್ತಿದಳು. ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು.

ಕಂಪ್ಯೂಟರ್ ಅಂಗಡಿಯ ಸೂರ್ಯಪ್ರಕಾಶ್ ಮೊದಲು ತೋರಿಸಿದ ಸಾಧನಕ್ಕೆ ಅವಳ ವಿಸಿಆರ್ ವೈರಿನ ಹಳದಿ, ಕೆಂಪು, ಬಿಳಿ ಪಿನ್ನುಗಳೇ ಕೂರಲಿಲ್ಲ. ಅದು ಹೊಸ ಟೀವಿ, ಗೇಮುಗಳಿಗಂತೆ. ಎರಡನೆಯದಕ್ಕೆ ಕೂರುವಂತಿದ್ದವು. ಆದರೆ ಅವನು ಪ್ಯಾಕೆಟ್ ಬಿಚ್ಚಲು ಹಿಂದೆಮುಂದೆ ನೋಡಿದ.

"ಬಿಚ್ಚಿದ್ರೆ ಕಂಪನಿಯೋರು ವಾಪಸ್ ತಗಳಲ್ಲ ಅಕ್ಕ."

"ಓಡ್ಸಿ ನೋಡ್ದೆ ನಾನೂ ತಗಳಲ್ಲ ಕಣಪ್ಪ. ಈ ಟೇಪಲ್ಲಿ ಎಲ್ಲಿ ಕೆಟ್ಟಿದೆ ಅಂತ ನಂಗ್ ಗೊತ್ತು. ಅಲ್ಲೇ ಹಾಕಿ ತೋರ್ಸು."

ಅವಳು ಸ್ಟೂಲ್ ಎಳೆದುಕೊಂಡು ಕುಳಿತಳು. ಗಿರಾಕಿಗಳು ಬಂದರು, ಹೋದರು. ಅವಳು ಏಳಲಿಲ್ಲ. ಕೊನೆಗೆ ಸೂರ್ಯಪ್ರಕಾಶ್ ಒಳಗಿನಿಂದ ತಾನು ಬಳಸುತ್ತಿದ್ದ ಅಂಗೈಯಗಲದ ಡಬ್ಬಿಯೊಂದನ್ನು ತಂದ. ಹಳೆಯ ಟೇಪು ತಡವರಿಸಿದರೂ ಚಿತ್ರ, ದನಿ ಎರಡನ್ನೂ ಒಟ್ಟಿಗೇ ಹಿಡಿದುಕೊಳ್ಳುತ್ತದೆ ಎಂದ. ಜೋಡಿಸಿದರು. ಕೆಟ್ಟ ಜಾಗ ಬಂದಾಗ ಚಿತ್ರ ನಡುಗಿತು, ಗೆರೆಗಳೆದ್ದವು. ದನಿ ಮಾತ್ರ ತುಟಿ ಬಿಟ್ಟು ಕದಲಲಿಲ್ಲ.

"ಇಂಥದ್ದೇ ತರ್ಸಿಕೊಡು," ಎಂದಳು.

"ನಿಮಗ್ಯಾಕೆ ತೊಂದ್ರೆ ಅಕ್ಕ? ಕ್ಯಾಸೆಟ್ ಬಿಟ್ಟೋಗಿ, ನಾವೇ ಹಾಕ್ಕೊಡ್ತೀವಿ."

ಸುನಂದಾ ಬೇಡವೆಂದು ತಲೆಯಾಡಿಸಿದಳು. "ಒಳ್ಮನೇಲಿ ತಗ್ದಿದ್ದು ಕಣಪ್ಪ. ನನ್ ನಂಬಿ ಬಿಟ್ಕೊಂಡಿದ್ರು. ನಾನೇ ಮಾಡ್ಬೇಕು."

ಡಬ್ಬಿ ಬಂದ ವಾರವೇ ಯೋಗಿತಾ ಅಜ್ಜಿಯನ್ನು ಕರೆತಂದಳು. ಪರದೆಯ ಮೇಲೆ ನಡುವಯಸ್ಸಿನ ಅಂಕಮ್ಮ ಹಾಡುತ್ತಿದ್ದರೆ, ಎದುರಿಗೆ ಕುಳಿತ ಮುದುಕಿಯ ತುಟಿ ಅದೇ ಲಯದಲ್ಲಿ ಆಡುತ್ತಿತ್ತು. ಒಂದು ಕಡೆ ಅವಳು ಕೈಯೆತ್ತಿ ನಿಲ್ಲಿಸಲು ಸನ್ನೆ ಮಾಡಿದಳು.

"ಇಲ್ಲೊಂದ್ ಸೊಲ್ಲು ಬುಟ್ಟಿದ್ದೆ ಕಣೇ," ಎಂದು ಪಿಸುಗುಟ್ಟಿದಳು.

ಯೋಗಿತಾ ಅಜ್ಜಿಯ ಬಾಯಿಗೆ ಕಿವಿಯಿಟ್ಟು ಕೇಳಿಸಿಕೊಂಡು ಆ ಸೊಲ್ಲನ್ನು ಮೆಲ್ಲಗೆ ಹಾಡಿದಳು. ರಾಗ ಒಂದಿಷ್ಟು ತಪ್ಪಿತು. ಅಂಕಮ್ಮ ತೊಡೆ ತಟ್ಟಿ ತಾಳ ತೋರಿಸಿ, ಮತ್ತೆ ಹಾಡಿಸಿದಳು.